ಹೆಚ್ಚಾಗೇತಿ

ಹೊಳೆಯ ದಂಡೆಯಲ್ಲಿ ಒಂದು ಮಠ. ಮಠದಲ್ಲಿ ಒಬ್ಬ ಗುರು. ಅವರ ಹೆಸರು ಏನಿತ್ತೋ ಏನೋ, ಸುತ್ತಲಿನ ಜನಕ್ಕೆಲ್ಲ ಅವರು ಬರೀ ಅಜ್ಜಾರು.

ಅವರ ಶಿಷ್ಯರಲ್ಲಿ ಅಡಿವೆಯ್ಯ ಒಬ್ಬ. ಇಪ್ಪತ್ತರ ಹರೆಯ, ಮುತ್ತಿನಂಥ ಅಕ್ಷರ, ಗಟ್ಟಿ ನೆನಪು. ಹುಡುಗ ಜಾಣ. ಅದು ಅವನಿಗೂ ಗೊತ್ತಿತ್ತು, ಅದೊಂದೇ ತೊಂದರೆ.

ಆ ವರ್ಷ ಹೊಳೆ ಉಕ್ಕಿ ನೇಕಾರರ ಓಣಿಗೆ ನುಗ್ಗಿತು. ಮಗ್ಗದ ಗುಂಡಿಗಳಲ್ಲಿ ಕೆಸರು ತುಂಬಿಕೊಂಡಿತು. ನೀರು ಇಳಿದು ತಿಂಗಳಾದರೂ ಆ ಓಣಿಯಲ್ಲಿ ಲಾಳಿಯ ಸದ್ದು ಕೇಳಿರಲಿಲ್ಲ.

ಆಗ ಭಕ್ತರೊಬ್ಬರು ಮಠಕ್ಕೆ ಒಂದು ಬಂಡಿ ಜೋಳ ಕಳಿಸಿದರು. ಅಜ್ಜಾರು ಅದನ್ನು ಉಗ್ರಾಣಕ್ಕೆ ಇಳಿಸಗೊಡಲಿಲ್ಲ. ಬಂಡಿ ಒಂದೇ, ನೀರು ನುಗ್ಗಿದ ಕಡೆ ಎರಡು: ನೇಕಾರರ ಓಣಿ ಮತ್ತು ಹೊಳೆಯಾಚೆಯ ಊರು. ಎರಡೂ ಕಡೆ ನೋಡಿ ಬಂದವರ ಮಾತು ಕೇಳಿ, ಯಾವ ಕಡೆ ಒಲೆ ಆರಿದೆಯೋ ಆ ಕಡೆಗೆ ಬಂಡಿ ಹೊಡೆಸುವುದು ಎಂದರು.

ಆಚೆಯ ಊರಿಗೆ ಬೇರೊಬ್ಬ ಶಿಷ್ಯ ಹೊರಟ. ನೇಕಾರರ ಓಣಿಗೆ ಅಡಿವೆಯ್ಯ. ಅವನು ಹುಟ್ಟಿದ್ದೇ ಆ ಓಣಿಯಲ್ಲಿ. ತಾಯಿ ತೀರಿಕೊಂಡ ಮೇಲೆ ತಾಯಿಯ ಅಕ್ಕ ಬಾಳವ್ವ ಅವನನ್ನು ಸಾಕಿ, ನಾಲ್ಕು ವರ್ಷದವನಿದ್ದಾಗ ಮಠಕ್ಕೆ ಒಪ್ಪಿಸಿದ್ದಳು. ಅಲ್ಲಿಂದ ಅವನು ಬೆಳೆದದ್ದೆಲ್ಲ ಗಂಡಸರ ನಡುವೆ, ಪುಸ್ತಕಗಳ ನಡುವೆ. ಅಡಿಗೆಮನೆಯ ಹೊಸ್ತಿಲು ದಾಟಿದವನೇ ಅಲ್ಲ.

"ನಮ್ಮ ಓಣಿ ನನಗ ಗೊತ್ತಿಲ್ಲೇನ್ರಿ ಅಜ್ಜಾರ? ಕಣ್ಣು ಮುಚ್ಚಿಕೊಂಡು ಹೇಳ್ತೀನಿ," ಎಂದ.

"ಕಣ್ಣು ತೆರಕೊಂಡು ಹೋಗಿ ಬಾ," ಎಂದರು ಅಜ್ಜಾರು. "ಏನು ಐತಿ, ಏನು ಬೇಕಾಗೇತಿ. ಎರಡೂ ನೋಡು."

ಅಡಿವೆಯ್ಯ ಒಂದು ಹಾಳೆ ಹಿಡಿದುಕೊಂಡು ಹೊರಟ.

ಓಣಿಯಲ್ಲಿ ಒಂದೇ ಸಾಲಿಗೆ ಹನ್ನೊಂದು ಮನೆ. ಮೊದಲನೆಯ ಮನೆಯ ಕಟ್ಟೆಯ ಮೇಲೆ ನಿಂತು, ಜೋಳ ಎಷ್ಟಿದೆ ಎಂದು ಕೇಳಿದ. ಮನೆಯಾಕೆ ಸೆರಗು ಸರಿ ಮಾಡಿಕೊಂಡಳು. ಒಳಗೆ ಒಲೆಯ ಕಡೆ ಒಮ್ಮೆ ನೋಡಿ ಮೆಲ್ಲಗೆ ಹೇಳಿದಳು.

"ಜ್ವಾಳ ಹೆಚ್ಚಾಗ್ಯಾವಪ್ಪಾ."

ಅಡಿವೆಯ್ಯನಿಗೆ ಆಶ್ಚರ್ಯ, ಅದಕ್ಕಿಂತ ಹೆಚ್ಚು ಖುಷಿ. ಎಣ್ಣೆ ಕೇಳಿದ. ಎಣ್ಣೆಯೂ ಹೆಚ್ಚಾಗಿತ್ತು. ಬೇಳೆ ಕೇಳಿದ. ಬೇಳೆಯೂ. ಅವನು ಬರೆಯುವುದನ್ನೇ ಆಕೆ ನೋಡುತ್ತ ನಿಂತಿದ್ದಳು. ಬರೆದು ಮುಗಿಸಿದ ಮೇಲೆ ಸಮಾಧಾನದ ಉಸಿರು ಬಿಟ್ಟಳು. ನಮ್ಮ ಓಣಿಯ ಮಗ ಬಾಯಿ ಒಣಗಿಸಿಕೊಂಡು ಹೋಗಬಾರದು ಎಂದು ಒಳಗೆ ಹೋಗಿ, ಕಂಚಿನ ಬಟ್ಟಲಿನಲ್ಲಿ ಅಂಚಿನತನಕ ಅಂಬಲಿ ತಂದಳು. ಬಟ್ಟಲಿನ ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಹಾರಿತ್ತು. ಅಡಿವೆಯ್ಯ ಮಠದವರ ಪದ್ಧತಿಯಂತೆ ತುಟಿ ತಾಗಿಸದೆ ಎತ್ತಿ ಎರಡು ಗುಟುಕು ಕುಡಿದು ಬಟ್ಟಲು ಹಿಂದಕ್ಕೆ ಕೊಟ್ಟ.

ಎರಡನೆಯ ಮನೆಯಲ್ಲೂ ಅದೇ ಮಾತು. ಮೂರನೆಯ ಮನೆಯಲ್ಲೂ ಅದೇ. ಎಲ್ಲ ಮನೆಯಲ್ಲೂ ಎಲ್ಲವೂ ಹೆಚ್ಚಾಗಿತ್ತು. ಎಲ್ಲರೂ ಅವನನ್ನು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕಾಯಿಸಿದರು. ಒಳಗೆ ಗುಸುಗುಸು, ಹಿತ್ತಲ ಬಾಗಿಲು ಕಿರ್ರೆಂದ ಸದ್ದು, ಆಮೇಲೆ ಕಂಚಿನ ಬಟ್ಟಲು, ಎರಡು ಗುಟುಕು ಅಂಬಲಿ.

ವಿಚಿತ್ರವೆಂದರೆ ಎಲ್ಲರ ಬಟ್ಟಲಿನ ಅಂಚಿನಲ್ಲೂ ಒಂದು ಚಕ್ಕೆ ಹಾರಿತ್ತು. ಯಾವನೋ ಕಂಚುಗಾರ ಇಡೀ ಓಣಿಗೆ ಟೋಪಿ ಹಾಕಿ ಹೋಗಿದ್ದಾನೆ ಎಂದುಕೊಂಡ ನಮ್ಮ ಜಾಣ.

ಕಡೆಯ ಮನೆ ದೊಡ್ಡವ್ವ ಬಾಳವ್ವನದು. ಆಕೆ ಅವನ ಕೆನ್ನೆ ಸವರಿ ಲಟಿಕೆ ಮುರಿದಳು. ಎಷ್ಟು ಎತ್ತರ ಬೆಳೆದೆಯೋ ಎಂದು ಹಿಗ್ಗಿದಳು. ಅವಳ ಮನೆಯಲ್ಲೂ ಎಲ್ಲ ಹೆಚ್ಚಾಗಿತ್ತು. ಆದರೆ ಅವಳು ತಂದ ಬಟ್ಟಲಿನಲ್ಲಿ ಅಂಬಲಿ ತಳದಲ್ಲಷ್ಟೇ ಇತ್ತು, ಹೆಚ್ಚೆಂದರೆ ಎರಡು ಗುಟುಕು.

ಅಡಿವೆಯ್ಯ ಕುಡಿದ. ಮನಸ್ಸಿಗೆ ಮಾತ್ರ ಚುರ್ ಎಂದಿತು. ಪರರಾದ ಮೊದಲ ಮನೆಯವರು ತುಂಬಿದ ಬಟ್ಟಲು ಕೊಟ್ಟರು, ಸಾಕಿದವಳು ತಳ ಕೊಟ್ಟಳು. ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕುತ್ತ ಮಠಕ್ಕೆ ಬಂದ.

ಅಜ್ಜಾರ ಮುಂದೆ ಹಾಳೆ ಓದಿದ. ಓಣಿಯಲ್ಲಿ ಜೋಳ ಹೆಚ್ಚಾಗಿದೆ, ಬೇಳೆ ಹೆಚ್ಚಾಗಿದೆ, ಎಣ್ಣೆ ಹೆಚ್ಚಾಗಿದೆ, ಮನೆಗೊಂದು ಕಂಚಿನ ಬಟ್ಟಲು ಇದೆ. ಮಗ್ಗ ನಿಂತಿವೆ, ನೂಲಿಲ್ಲ, ಆದರೂ ಜನ ಸುಖವಾಗಿದ್ದಾರೆ. ಆಚೆಯ ಊರಿಗೆ ಹೋಗಿದ್ದವನೂ ಬಂದು ಹೇಳಿದ: ಅಲ್ಲಿ ದಿಬ್ಬದ ಮೇಲೆ ಅಗೆದ ಹಗೇವಿನಲ್ಲಿ ಇನ್ನೊಂದು ತಿಂಗಳಿಗೆ ಸಾಲುವಷ್ಟು ಕಾಳು ಒಣಗಿಯೇ ಉಳಿದಿದೆ.

"ಹಂಗಾದ್ರ ಬಂಡಿ ಆಚೆ ದಂಡಿಗೇ ಹೋಗಲಿ ಅಂತೀಯೇನು?"

"ಹೌದ್ರಿ. ನಮ್ಮವರು ಅಂತ ನಾ ಪಕ್ಷ ಮಾಡಂಗಿಲ್ಲ," ಎಂದ ಅಡಿವೆಯ್ಯ. ಆ ಮಾತು ಆಡುವಾಗ ಅವನಿಗೆ ತನ್ನ ಮೇಲೆ ತನಗೇ ಅಭಿಮಾನ ಬಂತು.

ಅಜ್ಜಾರು ಗಡ್ಡ ನೀವಿಕೊಂಡರು. ನಾಳೆ ಊಟವಾದ ಮೇಲೆ ಬಂಡಿ ಹೊರಡಲಿ, ಅಲ್ಲಿಯವರೆಗೆ ನೀನು ಅಡಿಗೆಯ ನಿಂಗವ್ವನ ಕೈಕೆಳಗೆ ಇರು ಎಂದರು.

ಮರುದಿನ ಅಡಿವೆಯ್ಯ ಹುಟ್ಟಿದ ಮೇಲೆ ಮೊದಲ ಸಲ ಮಠದ ಅಡಿಗೆಮನೆಗೆ ಹೋದ. ಈರುಳ್ಳಿ ಹೆಚ್ಚಿದ, ಅತ್ತ. ಸಾರು ಕುದಿಯುತ್ತಿತ್ತು. ನಿಂಗವ್ವ ಗೋಡೆಗೂಡಿನ ಭರಣಿ ಬಗ್ಗಿಸಿ ನೋಡಿದಳು.

"ಉಪ್ಪು ಹೆಚ್ಚಾಗೇತಿ. ಅಜ್ಜಾರಿಗೆ ಒಂದು ಮಾತು ಹೇಳಿ ಬಾ," ಎಂದು ಕರಿಬೇವು ತರಲು ಹಿತ್ತಲಿಗೆ ಹೋದಳು.

ಇಷ್ಟು ಸಣ್ಣ ವಿಷಯಕ್ಕೆ ಅಜ್ಜಾರೇಕೆ ಎಂದುಕೊಂಡ ಅಡಿವೆಯ್ಯ. ಉಪ್ಪು ಹೆಚ್ಚಾದರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿಲ್ಲವೇ? ಎರಡು ಕೊಡ ನೀರು ತಂದು ಸಾರಿಗೆ ಸುರಿದ.

ಊಟದ ಹೊತ್ತಾಯಿತು. ಮಠದ ಗೋಡೆಯಲ್ಲಿ ಹತ್ತೊಂಬತ್ತು ಗೂಟ, ಗೂಟಕ್ಕೊಂದು ಬಟ್ಟಲು, ಬಟ್ಟಲಿನ ಮೇಲೆ ಅವರವರ ಹೆಸರು. ಎಲ್ಲರೂ ತಮ್ಮ ತಮ್ಮ ಬಟ್ಟಲು ಇಳಿಸಿಕೊಂಡು ಸಾಲಾಗಿ ಕೂತರು. ಸಾರು ಬಾಯಿಗಿಟ್ಟರು. ಒಬ್ಬೊಬ್ಬರ ಮುಖವೂ ಸಪ್ಪಗಾಯಿತು. ಆದರೂ ಯಾರೂ ಪಕ್ಕದವನನ್ನು ಕೇಳಲಿಲ್ಲ, ತಂತಮ್ಮ ಪಾಡಿಗೆ ಕುಡಿದರು.

ನಿಂಗವ್ವ ಮಾತ್ರ ಒಂದು ಗುಟುಕಿಗೇ ಸೌಟು ಹಿಡಿದು ಹೊರಗೆ ಬಂದಳು. ಅಡಿವೆಯ್ಯ ತಾನು ಮಾಡಿದ ಉಪಕಾರವನ್ನು ವಿವರಿಸಿದ.

"ಅಯ್ಯ ನಿನ್ನ ಜಾಣತನಕ್ಕಿಷ್ಟು! ಉಪ್ಪು ತೀರೇತಿ ಅಂದೆನೋ ನಾನು. ಉರಿಯೋ ಒಲಿ ಮುಂದ ನಿಂತು 'ಇಲ್ಲ' ಅಂತಾರೇನು ಯಾರರ? ತೀರಿದ್ದಕ್ಕ ಹೆಚ್ಚಾಗೇತಿ ಅಂತಾರ. ಯಾವ ಮನ್ಯಾಗ ಹುಟ್ಟಿದಿ ನೀ?"

ಎಲ್ಲರೂ ನಕ್ಕರು. ಅಡಿವೆಯ್ಯನೂ ನಗಲು ಹೊರಟ. ಬಾಯಿಗೆ ಹೋಗುತ್ತಿದ್ದ ತುತ್ತು ಹಾಗೇ ನಿಂತಿತು.

ಹನ್ನೊಂದು ಮನೆ. ಹನ್ನೊಂದು ಒಲೆ. ಅವನು ಬರೆದುಕೊಂಡಾಗ ಆ ಹೆಂಗಸರು ಬಿಟ್ಟ ಸಮಾಧಾನದ ಉಸಿರು. ಹೊರಗೆ ಎತ್ತುಗಳ ಕೊರಳ ಗೆಜ್ಜೆ ಕೇಳಿಸಿತು. ಹೊಳೆಯಾಚೆಗೆ ಹೋಗಲು ಬಂಡಿ ಹೂಡುತ್ತಿದ್ದರು.

ಅಡಿವೆಯ್ಯ ಎಂಜಲು ಕೈಯಲ್ಲೇ ಓಡಿದ. ಬಂಡಿಯ ನೊಗಕ್ಕೆ ಅಡ್ಡ ನಿಂತು, ಎಡಗೈಯಿಂದ ಹಾಳೆ ತೆಗೆದು, ಹೆಚ್ಚಾಗಿದೆ ಎಂದಿದ್ದ ಕಡೆಯಲ್ಲೆಲ್ಲ ಹೊಡೆದು ಹಾಕಿ ಸೊಟ್ಟಪಟ್ಟ ಅಕ್ಷರದಲ್ಲಿ ಇಲ್ಲ, ಇಲ್ಲ ಎಂದು ಬರೆದ. ಅಷ್ಟರಲ್ಲಿ ಅಜ್ಜಾರು ಬಾಗಿಲಿಗೆ ಬಂದಿದ್ದರು.

"ತಪ್ಪಾತ್ರಿ ಅಜ್ಜಾರ. ನಮ್ಮ ಓಣ್ಯಾಗ ಜ್ವಾಳಿಲ್ಲ, ಬ್ಯಾಳಿಲ್ಲ, ಎಣ್ಣಿಲ್ಲ. ಏನಂದ್ರ ಏನೂ ಇಲ್ಲ. ಪಾಪದ ಮಂದಿ."

ಅಜ್ಜಾರು ಹಾಳೆ ಇಸಿದುಕೊಂಡು ಓದಿದರು.

"ನಿನ್ನೆ ಎಲ್ಲಾ ಐತಿ ಅಂದಿ. ಇವತ್ತು ಏನೂ ಇಲ್ಲ ಅಂತಿ. ಏನೂ ಇಲ್ಲದ ಓಣ್ಯಾಗ ಹನ್ನೊಂದು ಸಲ ಅಂಬಲಿ ಎಲ್ಲಿಂದ ಕುಡದು ಬಂದಿ?"

ಅಡಿವೆಯ್ಯ ಬೆರಳು ಮಡಚಿ ಮನೆಗಳನ್ನು ಎಣಿಸತೊಡಗಿದ.

ಬಂಡಿ ಹೊಡೆದುಕೊಂಡು ನೀನೇ ಹೋಗು ಎಂದರು ಅಜ್ಜಾರು. ಹಾಳೆಯನ್ನು ತಮ್ಮಲ್ಲೇ ಇಟ್ಟುಕೊಂಡರು. ಬಂಡಿ ಹೊರಟಾಗ ಹಿಂದಿನಿಂದ ಕೂಗಿ ಹೇಳಿದರು.

"ಈ ಸಲ ಹಿತ್ತಲ ಕಡೆಯಿಂದ ಹೋಗೋ."

ಅಡಿವೆಯ್ಯ ಓಣಿಯ ತುದಿಯಲ್ಲಿ ಬಂಡಿ ನಿಲ್ಲಿಸಿ ಹಿತ್ತಲ ಕಡೆ ಹೋದ. ಮನೆಮನೆಗೂ ಮುಳ್ಳುಬೇಲಿ ಇತ್ತು. ಆದರೆ ಒಂದೊಂದು ಬೇಲಿಯಲ್ಲೂ ಒಬ್ಬರು ನುಸುಳುವಷ್ಟು ಸಂದು. ಆ ಸಂದುಗಳನ್ನೆಲ್ಲ ಹಾದು ಒಂದೇ ಕಾಲುದಾರಿ ಹನ್ನೊಂದೂ ಹಿತ್ತಲುಗಳನ್ನು ಮುಟ್ಟಿಕೊಂಡು ಹೋಗಿತ್ತು. ಹೊಳೆ ಬಿಟ್ಟು ಹೋದ ಮೆಕ್ಕಲು ಇನ್ನೂ ಹಸಿಯಾಗಿತ್ತು. ಅದರ ಮೇಲೆ ಹೆಂಗಸರು ಓಡಿದ ಹೆಜ್ಜೆ. ಅಲ್ಲಲ್ಲಿ ಅಂಬಲಿಯ ಹನಿ ಬಿದ್ದು ಬೆಳ್ಳಗೆ ಕಾಣುತ್ತಿತ್ತು.

ದಾರಿ ಬಾಳವ್ವನ ಹಿತ್ತಲಿಗೆ ಬಂದು ಮುಟ್ಟಿತು. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಕಂಚಿನ ಬಟ್ಟಲು ಬೋರಲು ಬಿದ್ದಿತ್ತು. ಅಂಚಿನಲ್ಲಿ ಉಗುರಿನಷ್ಟು ಚಕ್ಕೆ.

ಅಡಿವೆಯ್ಯ ಬಟ್ಟಲನ್ನು ಕೈಗೆತ್ತಿಕೊಂಡ. ಮೊದಲ ಮನೆಯಲ್ಲಿ ಅಂಚಿನತನಕ ಇದ್ದದ್ದು, ಕಡೆಯ ಮನೆಯಲ್ಲಿ ತಳಕ್ಕೆ ಇಳಿದದ್ದು ನೆನಪಾಯಿತು. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ. ನಾಚಿಕೆಯಾಯಿತು. ಕಂಚುಗಾರನನ್ನು ಬೈದುಕೊಂಡದ್ದು ನೆನೆದು ನಗು ಬಂತು. ನಗುತ್ತ ನಗುತ್ತ ಕಣ್ಣು ತುಂಬಿದವು.

ಬಾಳವ್ವ ಹೊರಗೆ ಬಂದಳು. ಅವನ ಕೈಯಲ್ಲಿ ಬಟ್ಟಲು ನೋಡಿ, ಕದ್ದು ಸಿಕ್ಕಿಬಿದ್ದವಳಂತೆ ಸೆರಗು ಬಾಯಿಗೆ ಹಿಡಿದುಕೊಂಡಳು. ಆಮೇಲೆ ಎಲ್ಲ ಹೇಳಿದಳು. ಓಣಿಯಲ್ಲಿ ಉಳಿದಿದ್ದ ಹಿಟ್ಟು ಅವಳ ಮನೆಯದೊಂದೇ, ಅದೂ ಎರಡು ಹಿಡಿ. ಮಠದ ಮಗ ಬರುತ್ತಾನಂತೆ ಎಂದು ಗೊತ್ತಾದಾಗ ಅಂಬಲಿ ಕಾಸಿದಳು. ಹೊಳೆ ಪಾತ್ರೆಗಳನ್ನೆಲ್ಲ ಒಯ್ದಿತ್ತು, ಮಾನವಾಗಿ ಕೊಡುವಂಥದ್ದು ಇದೊಂದೇ ಬಟ್ಟಲು. ಅದನ್ನು ಮೊದಲ ಮನೆಗೆ ಮುಟ್ಟಿಸಿದಳು. ಅಲ್ಲಿಂದ ಅದು ಹಿತ್ತಲಿಂದ ಹಿತ್ತಲಿಗೆ ಅವನಿಗಿಂತ ಮುಂದೆ ಮುಂದೆ ಓಡಿತು. ಯಾರ ಮನೆಯಿಂದಲೂ ಅವನು ಬರೀ ಬಾಯಲ್ಲಿ ಹೋಗಲಿಲ್ಲ, ಅದೇ ಸಂತೋಷ ಎಂದಳು.

"ಮತ್ತ ನನಗ ತಳದ್ದು ಯಾಕ ಕೊಟ್ಟಿ ದೊಡ್ಡವ್ವ?"

ಬಾಳವ್ವ ಅವನನ್ನು ಪೆದ್ದನನ್ನು ನೋಡುವಂತೆ ನೋಡಿದಳು.

"ಅಂಬಲ್ಯಾಗ ಗಟ್ಟಿ ಎಲ್ಲಾ ತಳಕ್ಕ ಇರತೈತೋ ಹುಚ್ಚಪ್ಪ. ಅದು ನಿನ್ನ ಹೊಟ್ಟಿಗೆ ಬೀಳಲಿ ಅಂತನೇ ನಾ ಕಡೀಗೆ ನಿಂತೆ."

ಅಡಿವೆಯ್ಯ ಬಗ್ಗಿ ಅವಳ ಕಾಲು ಮುಟ್ಟಿದ.

ಜೋಳದ ಚೀಲಗಳನ್ನು ಹನ್ನೊಂದು ಬಾಗಿಲಿಗೆ ಹಂಚಿ ಇಳಿಸಲೇ ಎಂದು ಕೇಳಿದ. ಅಷ್ಟರಲ್ಲಿ ಬಂದು ಸೇರಿದ್ದ ಓಣಿಯ ಹೆಂಗಸರು ನಕ್ಕರು. ಒಣಗಿದ ಅಟ್ಟ ಇರುವುದು ಬಾಳವ್ವನ ಮನೆಯಲ್ಲಿ, ಬೀಸುವ ಕಲ್ಲು ಇರುವುದು ಮೂರನೆಯ ಮನೆಯಲ್ಲಿ, ಒಣ ಸೌದೆ ಎಂಟನೆಯ ಮನೆಯಲ್ಲಿ. ಎಲ್ಲ ಇಲ್ಲೇ ಇಳಿಸು, ಅದು ಹೋಗುವ ದಾರಿ ಅದಕ್ಕೆ ಗೊತ್ತು ಎಂದರು. ನಡುವಿನ ಮನೆಯಲ್ಲಿ ಗಂಡಸರೆಲ್ಲ ಸೇರಿ ಒಂದು ಮಗ್ಗದ ಗುಂಡಿಯ ಕೆಸರು ಎತ್ತುತ್ತಿದ್ದರು. ಒಂದು ಮಗ್ಗ ಎದ್ದರೆ ಸರದಿಯ ಮೇಲೆ ಎಲ್ಲರೂ ನೇಯಬಹುದು, ನೂಲು ಸಿಕ್ಕರೆ. ಅಡಿವೆಯ್ಯನೂ ಧೋತರ ಮೇಲೆ ಕಟ್ಟಿ ಗುಂಡಿಗೆ ಇಳಿದ. ಹೊತ್ತು ಇಳಿಯುವವರೆಗೆ ಕೆಸರು ಎತ್ತಿದ. ಅವನ ಆಯುಷ್ಯದಲ್ಲಿ ಅಷ್ಟು ಹಗುರಾದ ದಿನ ಇನ್ನೊಂದಿರಲಿಲ್ಲ.

ಮುಸ್ಸಂಜೆಗೆ ಮಠಕ್ಕೆ ಬಂದ. ಮೊಣಕಾಲ ತನಕ ಕೆಸರು, ಕೈಯಲ್ಲಿ ಹಾಳೆ ಇಲ್ಲ. ಅಜ್ಜಾರು ಗೋಡೆಯ ಗೂಟಗಳ ಕೆಳಗೆ ಕೂತಿದ್ದರು.

"ಏನು ಐತಪಾ ನಿಮ್ಮ ಓಣ್ಯಾಗ?"

"ಒಂದು ಬಟ್ಟಲ ಐತ್ರಿ ಅಜ್ಜಾರ."

"ಹನ್ನೊಂದು ಅಂದಿದ್ದಿ."

"ಒಂದೇ ಐತ್ರಿ. ಹನ್ನೊಂದು ಮನಿಗೂ ಸಾಕಾಗೇತಿ."

"ಮತ್ತ ಬೇಕಾಗಿದ್ದು?"

"ಅದರಾಗ ಹಾಕಾಕ ಇಷ್ಟು ಜ್ವಾಳ ಬೇಕಾಗಿತ್ತು, ಮುಟ್ಟಿತ್ರಿ. ಇನ್ನ ನೂಲು ಬೇಕು."

ಅಜ್ಜಾರ ಮುಖ ಅರಳಿತು. ನಾಳೆಯೇ ನೂಲಿಗೆ ಹೇಳಿ ಕಳಿಸೋಣ ಎಂದರು. ತಲೆಯೆತ್ತಿ ಗೋಡೆಯ ಕಡೆ ನೋಡಿದರು. ಹತ್ತೊಂಬತ್ತು ಗೂಟ, ಹತ್ತೊಂಬತ್ತು ಬಟ್ಟಲು, ಒಂದೊಂದರ ಮೇಲೂ ಒಂದೊಂದು ಹೆಸರು. ಆಮೇಲೆ ಹೊಸದೊಂದು ಹಾಳೆ ತೆಗೆದು ಅಡಿವೆಯ್ಯನ ಕೈಗಿಟ್ಟರು.

"ಈಗ ನಮ್ಮ ಮಠದಾಗ ಏನೇನು ಹೆಚ್ಚಾಗೇತಿ, ನೋಡಿ ಬರಕೊಂಡು ಬಾ."