ಮಸಾಲೆ ಡಬ್ಬಿಯ ಮಾತ್ರೆಗಳು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ನಿರ್ವಾಣಯ್ಯನವರೆಂಬ ಗುರುಗಳಿದ್ದರು.

ಅವರು ಒಂದು ಕಾಲಕ್ಕೆ ಪಟ್ಟಣದಲ್ಲಿ ಹೆಸರಾಂತ ಡಾಕ್ಟರಾಗಿದ್ದವರು. ಈಗ ಬೆಳಗ್ಗೆ ಧ್ಯಾನ ಕಲಿಸುತ್ತಿದ್ದರು, ಬಿಸಿಲೇರಿದ ಮೇಲೆ ಸುತ್ತಲಿನ ಹಳ್ಳಿಯವರಿಗೆ ಔಷಧಿ ಕೊಡುತ್ತಿದ್ದರು. ಅಷ್ಟು ದೊಡ್ಡ ಕೆಲಸ ಬಿಟ್ಟು ಇಲ್ಲಿಗೆ ಯಾಕೆ ಬಂದಿರಿ ಎಂದು ಯಾರಾದರೂ ಕೇಳಿದರೆ, "ಇಲ್ಲಿ ಊಟ ಚೆನ್ನಾಗಿತ್ತು" ಅನ್ನುತ್ತಿದ್ದರು.

ಆ ಊಟ ದೊಡ್ಡತಾಯಮ್ಮನ ಕೈಯದು.

ಆಕೆ ಆಶ್ರಮದ ಅಡುಗೆಯವಳು. ದೊಡ್ಡ ಮೈ, ದೊಡ್ಡ ದನಿ, ಅದಕ್ಕಿಂತ ದೊಡ್ಡ ಸೌಟು. ಪಂಕ್ತಿಯಲ್ಲಿ ಆಕೆ ಬಡಿಸುತ್ತ ಬಂದರೆ ಬೇಡ ಅನ್ನುವ ಎದೆಗಾರಿಕೆ ಗುರುಗಳಿಗೂ ಇರಲಿಲ್ಲ. ಬಡಿಸಿದ್ದನ್ನು ಎಲೆಯಲ್ಲಿ ಬಿಡಬಾರದು ಅನ್ನುವುದು ಆಕೆಯೇ ಮಾಡಿದ ಕಾನೂನು. ಧ್ಯಾನಕ್ಕೆ ತಪ್ಪಿಸಿಕೊಂಡವರಿಗೆ ಅಲ್ಲಿ ಕ್ಷಮೆಯಿತ್ತು, ಅನ್ನ ಬಿಟ್ಟವರಿಗೆ ಇರಲಿಲ್ಲ.

ಗುರುಗಳ ಹತ್ತಿರ ಮುದ್ದುಮಲ್ಲ ಎಂಬ ಶಿಷ್ಯನಿದ್ದ. ಅವನೂ ಡಾಕ್ಟರನೇ, ಓದು ಮುಗಿಸಿ ಹೊಸದಾಗಿ ಬಂದವನು. ಬುದ್ಧಿ ಚುರುಕು, ಮಾತ್ರೆ ಬರೆಯುವ ಕೈ ಇನ್ನೂ ಚುರುಕು. ತಾಯಿಯಿಲ್ಲದ ಹುಡುಗ ಅಂತ ದೊಡ್ಡತಾಯಮ್ಮ ಬಂದ ದಿನವೇ ಅವನ ಎಲೆಗೆ ಒಂದು ಮಿಳ್ಳೆ ತುಪ್ಪ ಹೆಚ್ಚಿಗೆ ಸುರಿದಿದ್ದಳು. ಅಂದಿನಿಂದ ಅವನು ಆಕೆಯನ್ನು ಅವ್ವ ಅನ್ನುತ್ತಿದ್ದ.

ಆ ಅವ್ವ ಈಚೆಗೆ ಮಂಕಾಗಿದ್ದಳು. ನಿಂತಲ್ಲೇ ತೂಕಡಿಸುವಳು. ಗೋಡೆ ಹಿಡಿದು ನಡೆಯುವಳು. ಬೈಯುವುದನ್ನಂತೂ ಬಿಟ್ಟೇಬಿಟ್ಟಿದ್ದಳು, ಅದು ಎಲ್ಲರಿಗೂ ಹೆಚ್ಚು ಭಯ ಹುಟ್ಟಿಸಿತ್ತು.

ಒಂದು ಬೆಳಗ್ಗೆ ಕುದಿಯುವ ಸಾರಿನ ಹಂಡೆಯ ಮುಂದೆಯೇ ಆಕೆ ತೂರಾಡಿದಳು. ನೀರು ಕುಡಿಯಲು ಬಂದಿದ್ದ ಗುರುಗಳು ರಟ್ಟೆ ಹಿಡಿಯದಿದ್ದರೆ ಒಲೆಯ ಮೇಲೇ ಬೀಳುತ್ತಿದ್ದಳು.

ಪಕ್ಕದ ಕೋಣೆಯಲ್ಲಿ ಮಲಗಿಸಿದರು. ಗುರುಗಳು ನಾಡಿ ನೋಡಿದರು, ಎದೆಗೆ ಕೊಳವೆಯಿಟ್ಟು ಕೇಳಿದರು.

"ಮಗಳಿಗೆ ಫೋನ್ ಮಾಡ್ಸಿವ್ನಿ ಬುದ್ದಿ," ಅಂದಳು ದೊಡ್ಡತಾಯಮ್ಮ. "ನಾಳೆ ಬಂದು ಕರ್ಕೊಂಡು ಹೋಯ್ತಾಳೆ. ವಯಸ್ಸಾಯ್ತು. ಇನ್ನು ನನ್ ಕೈಲಿ ಒಲೆ ಮುಂದೆ ನಿಲ್ಲಾಕಾಗಾಕಿಲ್ಲ."

"ಮಗಳ ಮನೇಲಿ ಏನು ಮಾಡ್ತೀಯ?"

"ಏನ್ ಮಾಡಾದು? ಮೂಲೇಲಿ ಮಲಗಾದು. ಕರೆ ಬಂದಾಗ ಹೋಗಾದು."

ಮುದ್ದುಮಲ್ಲ ಗುರುಗಳನ್ನು ಹೊರಗೆ ಕರೆದ.

"ಗುರುಗಳೇ, ಹೋದ ತಿಂಗಳು ಅವ್ವನ ಕಾಲು ಊದಿತ್ತು. ನಾನೇ ನೀರಿಳಿಯೋ ಮಾತ್ರೆ ಕೊಟ್ಟೆ, ಊತ ಇಳೀತು. ಈಗ ತಲೆಸುತ್ತು. ಅದಕ್ಕೂ ಒಳ್ಳೇ ಮಾತ್ರೆ ಇದೆ. ಈಗಲೇ ಕೊಟ್ಟುಬಿಡ್ತೀನಿ."

"ಆತುರ ಬೇಡ," ಅಂದರು ಗುರುಗಳು. "ಅವಳು ಮಲಗಿರಲಿ, ನಾನು ಪಕ್ಕದಲ್ಲೇ ಇರ್ತೀನಿ. ನೀನು ಹೋಗಿ ಮಧ್ಯಾಹ್ನದ ಸಾರು ಮುಗಿಸು. ಜನ ಹಸಿದು ಬರ್ತಾರೆ."

"ನಾನು? ಸಾರು?"

"ಕಾಯಿಲೆ ವಾಸಿಮಾಡೋನಿಗೆ ಸಾರು ಕಷ್ಟವೇ?"

ಮುದ್ದುಮಲ್ಲ ಅಡುಗೆಮನೆಗೆ ಹೋದ. ಹಂಡೆಯಲ್ಲಿ ಬೇಳೆ ಕುದಿಯುತ್ತಿತ್ತು. ಸಾರಿಗೆ ಉಪ್ಪು ಬೇಕು, ಅದು ಅವನಿಗೂ ಗೊತ್ತು. ಹಂಡೆಯ ಗಾತ್ರ ನೋಡಿ ಧಾರಾಳವಾಗಿ ಎರಡು ಹಿಡಿ ಹಾಕಿದ.

ರುಚಿ ನೋಡಿದ. ಸಮುದ್ರ!

ಉಪ್ಪು ಮುರಿಯಬೇಕಾದರೆ ಹುಳಿ ಬೇಕು ಎಂದು ಎಲ್ಲೋ ಕೇಳಿದ್ದ. ಹುಣಸೆಹಣ್ಣು ಕಿವುಚಿ ರಸ ಸುರಿದ. ಈಗ ಹಲ್ಲು ಚುಳುಗುಟ್ಟಿತು.

ಹುಳಿಗೆ ಬೆಲ್ಲ. ಒಂದು ಅಚ್ಚು ಹಾಕಿದ, ಸಾಲದು ಅನ್ನಿಸಿತು, ಇನ್ನೊಂದು ಹಾಕಿದ. ಸಾರು ಹೋಗಿ ಪಾನಕವಾಯಿತು.

ಸಿಹಿಗೆ ಖಾರ. ಮೆಣಸಿನಪುಡಿಯ ಡಬ್ಬಿ ಬಗ್ಗಿಸಿದ, ಕೈ ಜಾರಿತು. ಖಾರಕ್ಕೆ ನೀರು. ನೀರಾದದ್ದಕ್ಕೆ ಅಕ್ಕಿಹಿಟ್ಟು. ಹಂಡೆ ಕಂಠಮಟ್ಟ ತುಂಬಿತು. ಬೆವರು ಒರೆಸಿಕೊಂಡು ಮತ್ತೆ ರುಚಿ ನೋಡಿದ. ಈಗ ಅದು ಯಾವ ರುಚಿ ಎಂದು ಹೇಳಲು ನಾಲಗೆಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು.

ಪಂಕ್ತಿ ಕೂತಿತು. ಮುದ್ದುಮಲ್ಲ ತಲೆ ತಗ್ಗಿಸಿಕೊಂಡು ಬಡಿಸಿದ. ಮೊದಲ ತುತ್ತಿಗೇ ಮಾತು ನಿಂತುಹೋಯಿತು. ಒಬ್ಬರು ಮುದುಕರು ಕೆಮ್ಮಿದರು, ಮತ್ತೊಬ್ಬರು ಮಜ್ಜಿಗೆ ಕೇಳಿದರು. ಆದರೆ ಕಾನೂನು ಕಾನೂನೇ. ಯಾರೂ ಎಲೆಯಲ್ಲಿ ಬಿಡುವಂತಿಲ್ಲ. ಕಣ್ಣಲ್ಲಿ ನೀರು ಸುರಿಸುತ್ತ ಎಲ್ಲರೂ ಉಣ್ಣುತ್ತಿದ್ದರು.

ಕೊನೆಗೆ ಅವನ ಎಲೆಗೂ ಸಾರು ಬಿತ್ತು. ಮುದುಕರು ಸೇಡು ತೀರಿಸಿಕೊಂಡರು.

"ಮಾಡಿದ್ದುಣ್ಣೋ ಮಹಾರಾಯ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮುದ್ದುಮಲ್ಲ ಇಂಗು ತಿಂದ ಮಂಗನಂತೆ ಕೂತ. ಗುರುಗಳು ಮಾತ್ರ ಅಮೃತ ಉಂಡವರ ಹಾಗೆ ಎಲೆ ಬರಿದು ಮಾಡಿ ಎದ್ದರು. ಕೈ ತೊಳೆಯುವಲ್ಲಿ ಶಿಷ್ಯ ಅವರ ಪಕ್ಕ ನಿಂತ.

"ಏನೇನು ಹಾಕಿದೆ, ಮಲ್ಲಾ?" ಕೇಳಿದರು.

"ಉಪ್ಪು ಹೆಚ್ಚಾಯ್ತು ಅಂತ ಹುಳಿ. ಹುಳಿ ಹೆಚ್ಚಾಯ್ತು ಅಂತ ಬೆಲ್ಲ. ಆಮೇಲೆ ಖಾರ, ನೀರು, ಹಿಟ್ಟು…"

"ಒಂದೊಂದೂ ಸರಿಯಾದ ಪರಿಹಾರವೇ."

"ಆದರೂ ಹೀಗಾಯ್ತಲ್ಲ."

"ನೀನು ಉಪ್ಪು ಹಾಕೋ ಮೊದಲು ಹಂಡೇಲಿ ಏನಿತ್ತು?"

ಮುದ್ದುಮಲ್ಲ ಕಣ್ಣು ಪಿಳಿಪಿಳಿ ಬಿಟ್ಟ.

"ದೊಡ್ಡತಾಯಿ ಉಪ್ಪು, ಹುಳಿ, ಪುಡಿ ಎಲ್ಲ ಹಾಕಿ ಮುಗಿಸಿದ್ದಳು. ಒಗ್ಗರಣೆ ಒಂದೇ ಬಾಕಿ ಇತ್ತು."

"ನಿಮಗೆ ಗೊತ್ತಿತ್ತೇ? ಮತ್ತೆ ಹೇಳಲಿಲ್ಲವಲ್ಲ!"

"ನೀನು ಕೇಳಲಿಲ್ಲವಲ್ಲ."

ಶಿಷ್ಯ ಒದ್ದೆ ಕೈಯಲ್ಲೇ ದೊಡ್ಡತಾಯಮ್ಮನ ಕೋಣೆಗೆ ಓಡಿದ.

"ಅವ್ವ, ನಾನು ಕೊಟ್ಟಿದ್ದು ಬಿಟ್ಟು ಬೇರೆ ಯಾವ ಮಾತ್ರೆ ತಗೋತೀಯ?"

ದೊಡ್ಡತಾಯಮ್ಮ ಗೋಡೆಯ ಕಡೆ ತಿರುಗಿದಳು. "ಯಾವ್ದೂ ಇಲ್ಲ."

"ಅವ್ವ."

"ಬುದ್ದಿಯೋರು ಕೊಟ್ಟ ಬೀಪಿ ಮಾತ್ರೆ. ಅದು ನಿಂಗೂ ಗೊತ್ತು."

"ಇನ್ನು?"

ಮುದ್ದುಮಲ್ಲ ನೆಲದ ಮೇಲೆ ಕೂತು ಆಕೆಯ ಕೈ ಹಿಡಿದ. "ನನ್ನಾಣೆ. ಇದ್ದರೆ ಹೇಳು. ನನಗೆ ನಿನ್ನ ಕಳಿಸಿಕೊಡೋಕೆ ಇಷ್ಟ ಇಲ್ಲ."

ಆ ಮಾತು ಕೇಳಿ ಆಕೆಗೆ ತಡೆಯಲಾಗಲಿಲ್ಲ. ಮಂಚದ ಕೆಳಗಿನಿಂದ ಹಳೆಯ ಮಸಾಲೆ ಡಬ್ಬಿಯೊಂದನ್ನು ಎಳೆದು ಮುಚ್ಚಳ ತೆಗೆದಳು. ಸಾಸಿವೆ, ಜೀರಿಗೆ, ಮೆಂತ್ಯ ಇರಬೇಕಾದ ಬಟ್ಟಲುಗಳಲ್ಲಿ ಮಾತ್ರೆಗಳಿದ್ದವು. ಬಿಳಿ, ಹಳದಿ, ಗುಲಾಬಿ.

"ಇದು ಯಾರದು?"

"ಪ್ಯಾಟೆ ಮಂಡಿ ಡಾಕ್ಟ್ರದು. ಮಂಡಿನೋವಿಗೆ."

"ಯಾವಾಗಿಂದ?"

"ಕಾಲು ಊದ್ಕೊಳ್ಳಾಕೆ ಸ್ವಲ್ಪ ಮುಂಚಿಂದ."

ಮುದ್ದುಮಲ್ಲ ಹಣೆ ಚಚ್ಚಿಕೊಂಡ. "ಮತ್ತೆ ಇದು?"

"ನಿನ್ ಮಾತ್ರೆ ತಕ್ಕಂಡಾಗಿಂದ ರಾತ್ರಿಯೆಲ್ಲ ಎದ್ದೆದ್ದು ಬಚ್ಚಲಿಗೆ ಹೋಗಾದೇ ಆಯ್ತು. ನಿದ್ದೆ ಇಲ್ಲ. ಸಂತೇಲಿ ಕ್ಯಾಂಪ್ ಮಾಡಿದ್ರಲ್ಲ, ಆ ಡಾಕ್ಟ್ರಮ್ಮ ನಿದ್ದೆಗೆ ಕೊಟ್ರು."

"ಅವ್ವ, ಇದನ್ನ ನನಗೆ ಯಾಕೆ ಹೇಳಲಿಲ್ಲ?"

"ಎಂಗಪ್ಪ ಹೇಳಾದು? ಒಬ್ಬ ಡಾಕ್ಟ್ರ ಮುಂದೆ ಇನ್ನೊಬ್ಬ ಡಾಕ್ಟ್ರ ಮಾತ್ರೆ ಬಿಚ್ಚಿದ್ರೆ, ನಿನ್ ಮೇಲೆ ನಂಬಿಕೆ ಇಲ್ಲ ಅಂದಂಗಾಯ್ತದೆ. ನಿಂಗೆ ನೋವಾಯ್ತದೆ."

"ಎಲ್ಲಾನೂ ತಪ್ಪದೆ ತಗೊಂಡೆಯಾ?"

"ಮತ್ತೆ? ಪ್ರೀತಿಯಿಂದ ಕೊಟ್ಟದ್ದ ಬಿಟ್ಟಾರಾ ಯಾರಾದ್ರೂ!" ಅಂದಳು ದೊಡ್ಡತಾಯಮ್ಮ. ಆಮೇಲೆ ಡಬ್ಬಿಯಲ್ಲಿದ್ದ ನಾಲ್ವರು ಡಾಕ್ಟರ ಮಾತ್ರೆಯನ್ನೂ ಈ ಹುಡುಗನ ಮುಖವನ್ನೂ ನೋಡಿ ಆಕೆಗೇ ನಗು ಬಂತು. "ದಾಕ್ಷಿಣ್ಯಕ್ಕೆ ಬಸುರಾಗಿ ಹೆರೋಕೆ ಜಾಗ ಇಲ್ದಂಗಾಯ್ತು ನನ್ ಕತೆ."

ಬಹಳ ದಿನಗಳ ಮೇಲೆ ಆಕೆ ನಕ್ಕದ್ದು. ಮುದ್ದುಮಲ್ಲ ಅಳುತ್ತಲೇ ನಕ್ಕ.

ಗುರುಗಳು ಬಾಗಿಲಲ್ಲಿ ನಿಂತಿದ್ದರು. "ಈಗ ಆ ಡಬ್ಬೀನ ಓದು," ಅಂದರು.

ಶಿಷ್ಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಬಟ್ಟಲು ಮುಟ್ಟುತ್ತ ಹೇಳಿದ.

"ನೋವಿನ ಮಾತ್ರೆಯಿಂದ ಕಾಲು ಊದಿತು. ಊತ ಕಾಯಿಲೆ ಅಂದುಕೊಂಡು ನಾನು ನೀರಿಳಿಯೋ ಮಾತ್ರೆ ಕೊಟ್ಟೆ. ಅದು ನಿದ್ದೆ ಕೆಡಿಸಿತು. ನಿದ್ದೆ ಇಲ್ಲ ಅಂತ ನಿದ್ದೆ ಮಾತ್ರೆ ಬಂತು. ಅದರ ಅಮಲು, ಮೈಯಲ್ಲಿ ನೀರಿಲ್ಲದ ಸುಸ್ತು, ಎರಡೂ ಸೇರಿ ತಲೆಸುತ್ತು. ಅದಕ್ಕೂ ನಾನು ಇವತ್ತು ಇನ್ನೊಂದು ಕೊಡೋನಿದ್ದೆ." ಅವನ ದನಿ ಇಳಿಯಿತು. "ಬೀಪಿ ಮಾತ್ರೆ, ನೋವಿನ ಮಾತ್ರೆ, ನೀರಿನ ಮಾತ್ರೆ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿಗೇ ಏಟು. ಅವ್ವನಿಗೆ ವಯಸ್ಸಾಗಿರಲಿಲ್ಲ ಗುರುಗಳೇ. ನಾವು ಮಾಡಿದ್ದು."

"ಆ ಡಬ್ಬೀಲಿ ನನ್ನದೂ ಒಂದು ಬಟ್ಟಲಿದೆ," ಅಂದರು ಗುರುಗಳು. "ನಾನೂ ಕೇಳಿರಲಿಲ್ಲ."

ಆಗಲೇ ಮುದ್ದುಮಲ್ಲ ಎಲ್ಲ ಮಾತ್ರೆಗಳನ್ನೂ ಎತ್ತಿ ಹೊಳೆಗೆ ಎಸೆಯುವವನಂತೆ ಎದ್ದ. ಗುರುಗಳು ಅವನ ಭುಜ ಒತ್ತಿ ಕೂರಿಸಿದರು.

"ಹಾಕೋವಾಗ ಇದ್ದ ಆತುರ ತೆಗೆಯೋವಾಗಲೂ ಬೇಡ. ಕೆಲವನ್ನ ಥಟ್ಟನೆ ಬಿಟ್ಟರೆ ಅದೇ ಇನ್ನೊಂದು ಕಾಯಿಲೆ. ಫೋನ್ ತಾ."

ಸಂಜೆಯೊಳಗೆ ಪೇಟೆಯ ಮಂಡಿ ಡಾಕ್ಟರೊಡನೆ ಮಾತಾಯಿತು. ಅವರು ಒಳ್ಳೆಯವರು; ಬೀಪಿ ವಿಷಯ ರೋಗಿ ಹೇಳಿಯೇ ಇರಲಿಲ್ಲ, ನಾನೂ ಕೆದಕಲಿಲ್ಲ ಎಂದು ಪೇಚಾಡಿಕೊಂಡರು. ಕ್ಯಾಂಪಿನ ಡಾಕ್ಟರಮ್ಮನನ್ನೂ ಹುಡುಕಿ ಹಿಡಿದರು. ರಕ್ತದ ಪರೀಕ್ಷೆಯಾಯಿತು. ಕಿಡ್ನಿ ಸ್ವಲ್ಪ ಬಳಲಿತ್ತು, ಕೆಟ್ಟಿರಲಿಲ್ಲ. ನೋವಿನ ಮಾತ್ರೆ ನಿಂತಿತು, ನೀರಿನದೂ ನಿಂತಿತು. ನಿದ್ದೆಯದನ್ನು ಡಾಕ್ಟರಮ್ಮ ಹೇಳಿದಂತೆ ಮೆಲ್ಲಗೆ ಇಳಿಸುತ್ತ ಬಂದರು. ಬೀಪಿಯದು ಉಳಿಯಿತು. ಮಂಡಿಗೆ ಬಿಸಿನೀರಿನ ಶಾಖ, ಕೂತಲ್ಲೇ ಮಾಡುವ ಒಂದಿಷ್ಟು ವ್ಯಾಯಾಮ.

ಕರೆದೊಯ್ಯಲು ಬಂದ ಮಗಳು ತಾಯಿಯ ಜೊತೆಗೇ ಉಳಿದು ಒಲೆ ನೋಡಿಕೊಂಡಳು. ಮುದ್ದುಮಲ್ಲನನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡಬೇಡಿ ಎಂದು ಪಂಕ್ತಿಯ ಮುದುಕರು ಆಕೆಗೆ ಕೈಮುಗಿದು ಕೇಳಿಕೊಂಡಿದ್ದರು.

ದಿನ ಕಳೆದವು. ಒಂದು ಮಧ್ಯಾಹ್ನ ಆಶ್ರಮದ ಹಿಂದಿನ ಮಾವಿನ ಮರದಲ್ಲಿದ್ದ ಕಾಗೆಗಳೆಲ್ಲ ಒಮ್ಮೆಲೇ ಹಾರಿದವು. ಅಡುಗೆಮನೆಯೊಳಗೆ ದೊಡ್ಡತಾಯಮ್ಮ ಯಾರಿಗೋ ಬೈಯುತ್ತಿದ್ದಳು. ತುಂಬಿದ ದನಿ, ಉಸಿರು ಕಟ್ಟದ ಬೈಗುಳ. ಅಂಗಳದಲ್ಲಿದ್ದವರೆಲ್ಲ ಮುಖ ಮುಖ ನೋಡಿಕೊಂಡು ಹಿಗ್ಗಿದರು. ಒಬ್ಬರಂತೂ ತಾವೂ ಹೋಗಿ ಸ್ವಲ್ಪ ಬೈಸಿಕೊಂಡು ಬಂದರು.

ಮಗಳು ಅಂದೇ ಸಂಜೆಯ ಬಸ್ಸಿಗೆ ಒಬ್ಬಳೇ ಊರಿಗೆ ಹೊರಟಳು.

ಮುದ್ದುಮಲ್ಲ ಆಕೆಯನ್ನು ಬಸ್ಸು ಹತ್ತಿಸಿ ಬಂದು, ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ ಗುರುಗಳ ಪಕ್ಕ ಕೂತ. ಮನಸ್ಸು ತುಂಬಿತ್ತು. ಆದರೂ ಒಂದು ಮುಳ್ಳು ಉಳಿದಿತ್ತು.

"ಗುರುಗಳೇ, ಬೀಪಿಗೆ ನಿಮ್ಮ ಮಾತ್ರೆ ಸರಿ. ನೋವಿಗೆ ಮಂಡಿ ಡಾಕ್ಟರದು ಸರಿ. ನಿದ್ದೆಗೆ ಆ ಡಾಕ್ಟರಮ್ಮನದು ಸರಿ. ಊತಕ್ಕೆ ನನ್ನದೂ ಪುಸ್ತಕದ ಪ್ರಕಾರ ಸರಿಯೇ. ಎಲ್ಲರೂ ಅವ್ವನಿಗೆ ಒಳ್ಳೇದು ಬಯಸಿದವರೇ. ಹಾಗಾದರೆ ತಪ್ಪಿದ್ದು ಎಲ್ಲಿ?"

ಗುರುಗಳು ಹರಿಯುವ ನೀರನ್ನು ನೋಡುತ್ತ ನಕ್ಕರು.

"ಅವಳ ಹೊಟ್ಟೆಯೊಳಗೆ ಮಾತ್ರೆಗಳೆಲ್ಲ ಒಂದನ್ನೊಂದು ಭೇಟಿಯಾಗಿದ್ದವು, ಮಲ್ಲಾ. ಹೊರಗೆ ನಾವು ಭೇಟಿಯಾಗಿರಲಿಲ್ಲ."