ಬೊಮ್ಮಕ್ಕ ನೀರು ಹೊಯ್ದ ಕಲ್ಲು

ಬಲು ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಿಂದಿನ ಕಾಲದಲ್ಲಿ, ಮೂಡಲಹಟ್ಟಿ ಅಂತ ಒಂದೂರು. ಆ ಊರಲ್ಲಿ ಬೊಮ್ಮಕ್ಕ ಅಂತ ಒಬ್ಬ ಸೂಲಗಿತ್ತಿ ಇದ್ದಳಂತೆ. ಅವಳು ಹೊಟ್ಟೆ ಮೇಲೆ ಕೈಯಿಟ್ಟರೆ ಅಡ್ಡ ತಿರುಗಿದ ಕೂಸೂ ನಾಚಿಕೊಂಡು ನೆಟ್ಟಗಾಗುತ್ತಿತ್ತಂತೆ.

ಊರ ಬೆನ್ನಿಗೊಂದು ಗುಡ್ಡ. ಎಮ್ಮೆ ಮಲಗಿದ ಹಾಗೆ ಉದ್ದಕ್ಕೆ ಚಾಚಿಕೊಂಡ ಗುಡ್ಡ. ಅದರ ಮೇಲೆ ಬಿದ್ದ ಮಳೆ ಎರಡು ಪಾಲಾಗೋದು. ಮೂಡಲಿಗೆ ಇಳಿದ ನೀರು ಕೆರೆ ಸೇರೋದು, ಅಲ್ಲಿ ಕಪ್ಪು ನೆಲ, ಜೋಳ, ಮೂಡಲಹಟ್ಟಿ. ಪಡುವಲಿಗೆ ಇಳಿದದ್ದು ಹಳ್ಳ ಸೇರೋದು, ಅಲ್ಲಿ ಕೆಮ್ಮಣ್ಣು, ರಾಗಿ, ಪಡುವಲಹಟ್ಟಿ. ನೀರು ಹೋಗಿ ನಿಂತಲ್ಲಿ ಜನವೂ ಹೋಗಿ ನಿಂತಿದ್ದರು. ಎಮ್ಮೆಯ ಬೆನ್ನು ತಗ್ಗಿದ ಜಾಗದಲ್ಲಿ ಮಾತ್ರ ಒಂದು ಕಣಿವೆ, ಅಲ್ಲಿ ನಾಲ್ಕಾರು ಗುಡಿಸಲು. ಅದು ಕಣಿವೆಹಟ್ಟಿ. ಅಲ್ಲಿಯವರು ಬೆಳಿಗ್ಗೆ ರೊಟ್ಟಿ ತಿಂದು ಸಂಜೆಗೆ ಮುದ್ದೆ ಉಣ್ಣುತ್ತಿದ್ದರಂತೆ. ನೀವು ಯಾವ ಕಡೆಯವರು ಅಂತ ಕೇಳಿದರೆ, ಹಸಿದ ಕಡೆಯವರು ಅಂತ ನಗುತ್ತಿದ್ದರಂತೆ. ಬೊಮ್ಮಕ್ಕ ತನ್ನ ಒಬ್ಬಳೇ ಮಗಳು ಚಿತ್ತವ್ವನನ್ನು ಕೊಟ್ಟಿದ್ದು ಅಲ್ಲಿಗೇ.

ಗುಡ್ಡದ ಹುಲ್ಲಿಗಾಗಿ ಎರಡೂ ಕಡೆಯ ನಾಯಕರಿಗೆ ಜಗಳ ಹತ್ತಿತು. ಹೆಣಗಳೂ ಬಿದ್ದವು. ಕೊನೆಗೆ ಹಿರಿಯರು ಸೇರಿ, ನೀರು ಇಳಿದ ಕಡೆಗೆ ನೆಲ ಅಂತ ತೀರ್ಮಾನ ಮಾಡಿದರಂತೆ. ಗುಡ್ಡದ ನೆತ್ತಿಯ ಉದ್ದಕ್ಕೂ ಗಡಿಗೆಯಿಂದ ನೀರು ಹೊಯ್ಯುತ್ತಾ ಹೋಗೋದು. ಅದು ಎತ್ತ ಹರಿಯುತ್ತೋ ಆ ನೆಲ ಆ ಕಡೆಯವರದು. ಹೊಯ್ಯೋರು ಯಾರು? ಬೊಮ್ಮಕ್ಕ. ಇಬ್ಬರು ನಾಯಕರೂ ಅವಳ ಕೈಗೇ ಬಿದ್ದು ಹುಟ್ಟಿದವರು. ಆ ಕೈ ಮೋಸ ಮಾಡೋದಿಲ್ಲ ಅಂತ ಇಬ್ಬರಿಗೂ ನಂಬಿಕೆ.

ಹೊಯ್ಯುತ್ತಾ ಹೊಯ್ಯುತ್ತಾ ಕಣಿವೆಗೆ ಬಂದಳು. ಅಲ್ಲಿ ನೆಲ ತಟ್ಟೆಯ ಹಾಗೆ ಮಟ್ಟ. ಅಳಿಯ ಕಾಟಯ್ಯ ಪಕ್ಕಕ್ಕೆ ಬಂದು ಪಿಸುಗುಟ್ಟಿದನಂತೆ, "ಅತ್ತೆ, ಗಡಿಗೆ ಒಂಚೂರು ಮೂಡಲಿಗೆ ವಾಲಿಸಿ. ನಿಮ್ಮ ಮಗಳು ಬಸುರಿ."

"ಹೆಣ್ಣು ಹುಟ್ಟಿದರೆ ಗಂಡು ಅಂತ ಹೇಳಿದೋಳಲ್ಲ ಕಣಪ್ಪಾ ನಾನು" ಅಂದಳಂತೆ ಬೊಮ್ಮಕ್ಕ.

ಹೊಯ್ದಳು. ನೀರು ಒಂದು ಗಳಿಗೆ ಯೋಚನೆ ಮಾಡೋ ಹಾಗೆ ನಿಂತಿತು. ಆಮೇಲೆ ಪಡುವಲಿಗೆ ಹರಿಯಿತು. ಕಣಿವೆಹಟ್ಟಿಯ ಮೂಡಲ ತುದಿಯಲ್ಲಿ ಕಲ್ಲು ನೆಟ್ಟರು. ಮಗಳ ಮನೆ ಪಡುವಲಿನ ಪಾಲಾಯಿತು.

ಗಡಿ ಅಂದರೆ ಬರೀ ಕಲ್ಲು ಅಂತ ತಿಳಿದಿದ್ದಳಂತೆ ಬೊಮ್ಮಕ್ಕ, ಪಾಪ. ಮುಂಗಾರಿನ ಹೊತ್ತಿಗೆ ನಾಯಕರು ಮತ್ತೆ ಕಚ್ಚಾಡಿದರು. ಕಲ್ಲಿನ ಹತ್ತಿರ ಪಡುವಲ ನಾಯಕನ ಕಾವಲು ಬಂತು. ಮೂಡಲವರು ದಾಟಿದರೆ ತಲೆ ತೆಗೀತಾರೆ, ದಾಟಲು ಬಿಟ್ಟವನದೂ ತೆಗೀತಾರೆ. ಅಂಥ ಹೊತ್ತಲ್ಲೇ ಚಿತ್ತವ್ವನಿಗೆ ನೋವು ಕಾಣಿಸಿತು.

ಕಾಟಯ್ಯ ಕಣಿವೆಯಿಂದ ಕೂಗಿದ ಕೂಗು ಕುರಿ ಕಾಯೋರ ಬಾಯಿಂದ ಬಾಯಿಗೆ ಇಳಿದು ಊರು ಮುಟ್ಟಿತು. ಬೊಮ್ಮಕ್ಕ ಉರಿಬಿಸಿಲಲ್ಲಿ ಗುಡ್ಡ ಹತ್ತಿದಳು. ಕಾವಲಿನ ದುರುಗ ಈಟಿ ಅಡ್ಡ ಹಿಡಿದ.

"ದಾರಿ ಬಿಡೋ ದುರುಗ. ನಿನ್ನ ಹೊಕ್ಕುಳ ಕೊಯ್ದೋಳು ನಾನು."

"ಗೊತ್ತು ಬೊಮ್ಮಕ್ಕಾ," ಅಂದ ಅವನು, ತಲೆ ತಗ್ಗಿಸಿ. "ಈ ಗಡಿ ಹಾಕಿದೋಳೂ ನೀನೇ ಅಲ್ವಾ."

ಬೊಮ್ಮಕ್ಕ ಕಲ್ಲು ತಬ್ಬಿ ಕುಸಿದಳು. ಗುಡಿಸಲು ಕಣ್ಣಿಗೆ ಕಾಣುತ್ತೆ, ಮಗಳ ನರಳಾಟ ಕಿವಿಗೆ ಕೇಳುತ್ತೆ, ಕೈ ಮಾತ್ರ ಮುಟ್ಟೋದಿಲ್ಲ. ಆಗ ಎದ್ದು ನಿಂತು ಕೂಗತೊಡಗಿದಳಂತೆ. "ಎಡಕ್ಕೆ ಹೊರಳು ಕಂದಾ! ಈಗ ತಿಣುಕಬೇಡ, ತಡಿ, ತಡಿ! ಹಾಂ, ಉಸಿರು ಹಿಡಿ, ಈಗ!" ಗಾಳಿ ಆ ಮಾತನ್ನೆಲ್ಲ ಎಳೆಗೂಸಿನ ಹಾಗೆ ಎತ್ತಿಕೊಂಡು ಹೋಯಿತಂತೆ. ಗುಡ್ಡವೇ ಮಗ್ಗುಲು ಬದಲಿಸಿ ಅವಳ ಕಡೆ ವಾಲಿತು ಅಂತಲೂ ಹೇಳೋರಿದ್ದಾರೆ. ವಾಲಿತೋ ಇಲ್ಲವೋ, ಕಂಡವರು ಯಾರು?

ಹೊತ್ತು ಇಳಿಯುವಾಗ ಕೂಸು ಅತ್ತಿತು. ಚಿತ್ತವ್ವನ ದನಿ ಮತ್ತೆ ಕೇಳಲಿಲ್ಲ.

"ಮಾಸು ಬಿತ್ತಾ? ಹೇಳ್ರೋ, ಕೂಸಿನ ಹಿಂದೆ ಮಾಸು ಬಿತ್ತಾ?" ಬೊಮ್ಮಕ್ಕ ಕೂಗುತ್ತಲೇ ಇದ್ದಳು. ಆ ಕಡೆಯಿಂದ ಉತ್ತರವೇ ಇಲ್ಲ. ದುರುಗನಿಗೆ ತಡೆಯಲಾಗಲಿಲ್ಲ. ಈಟಿ ಬಿಸಾಕಿ, ಅವಳನ್ನು ಹೆಗಲ ಮೇಲೆ ಹೊತ್ತು ಓಡಿದನಂತೆ. ಓಡಿ ಏನು ಬಂತು? ಮಗಳ ಮೈ ಇನ್ನೂ ಬೆಚ್ಚಗಿತ್ತಂತೆ, ಅಷ್ಟೇ.

ದುರುಗನ ತಲೆ ಉಳಿಯಲಿಲ್ಲ. ಬೊಮ್ಮಕ್ಕ ಮೊಮ್ಮಗಳನ್ನು ಮಡಿಲಿಗೆ ಹಾಕಿಕೊಂಡು ಆ ಕಲ್ಲಿನ ಬುಡದಲ್ಲೇ ಗುಡಿಸಲು ಕಟ್ಟಿದಳು. ಅವಳನ್ನು ಅಲ್ಲಿಂದ ಎಬ್ಬಿಸೋ ಧೈರ್ಯ ಯಾವ ನಾಯಕನಿಗೂ ಬರಲಿಲ್ಲವಂತೆ. ಎರಡೂ ಕಡೆಯ ಬಸುರಿಯರು ಅಲ್ಲಿಗೇ ಬಂದು ಹೆತ್ತರು. ಹುಟ್ಟಿದ ಪ್ರತಿ ಕೂಸನ್ನೂ ಅವಳು ಒಂದು ಗಳಿಗೆ ಎದೆಗೊತ್ತಿಕೊಂಡು ಅತ್ತು, ಆಮೇಲೇ ತಾಯಿಗೆ ಕೊಡುತ್ತಿದ್ದಳಂತೆ.

ನಾಯಕರು ಹೋದರು, ಕಾವಲು ಹೋಯಿತು. ಬೊಮ್ಮಕ್ಕನೂ ಅಲ್ಲೇ ಮಣ್ಣಾದಳು. ಈಗಲೂ ಎರಡೂ ಕಡೆಯ ಹಟ್ಟಿಗಳಲ್ಲಿ ಯಾವ ಹೆಣ್ಣಿಗಾದರೂ ನೋವು ಬಂತೆಂದರೆ, ಮನೆಯವರೊಬ್ಬರು ಗಡಿಗೆ ನೀರು ಹೊತ್ತು ಕಣಿವೆ ಹತ್ತುತ್ತಾರೆ. ಆ ಕಲ್ಲಿನ ನೆತ್ತಿಗೆ ಹೊಯ್ಯುತ್ತಾರೆ. ಹೊಯ್ದವರು, ನೀರು ನೆಲ ಮುಟ್ಟುವ ಮೊದಲೇ ಬೆನ್ನು ತಿರುಗಿಸಿ ಇಳಿದುಬಿಡುತ್ತಾರೆ. ಅದು ಎತ್ತ ಹರಿಯಿತು ಅಂತ ಯಾರೂ ತಿರುಗಿ ನೋಡೋದಿಲ್ಲ.