ದಂಡನಾಯಕನ ಹುಬ್ಬಿನ ಕಲೆ

"ಗುರುಗಳೇ, ನಾವು ಯಾರೆಂಬುದು ಯಾರಿಗೂ ತಿಳಿಯದಂತೆ ಬದುಕಿಬಿಟ್ಟರೆ ಭಯವೇ ಇರುವುದಿಲ್ಲವಲ್ಲ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಬ್ಬ ಸಾಣೆಗಾರನಿಗೆ ಒಬ್ಬಳೇ ಮಗಳು. ದಂಡಿನವರ ಕತ್ತಿಗಳಿಗೆ ಸಾಣೆ ಹಿಡಿಯುವುದು ಅವಳ ಕೆಲಸ. ಹರಿತ ಮಾಡುವವಳು ನಾನು, ಹೆಸರು ಮಾತ್ರ ಬೀಸುವವರಿಗೆ ಎಂಬ ಕಿಚ್ಚು ಅವಳ ಹೊಟ್ಟೆಯಲ್ಲಿತ್ತು. ಒಂದು ದಿನ ಮುಂಡಾಸು ಸುತ್ತಿ, ಗಂಡುಡುಗೆ ತೊಟ್ಟು, ಮನೆಯಲ್ಲಿ ಹೇಳದೆ ಕೇಳದೆ ದಂಡು ಸೇರಿದಳು. ದಂಡಿನಲ್ಲಿ ಹೆಣ್ಣು ಸಿಕ್ಕಿಬಿದ್ದರೆ ತಲೆ ಹಾರಿಸುವುದು ಆ ನಾಡಿನ ಕಟ್ಟಳೆ.

ಅವಳು ಚೆನ್ನಾಗಿ ಕಾದಿದಳು. ನೂರಾಳಿಗೆ ಮುಂದಾಳಾದಳು. ಆದರೆ ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರಲ್ಲ, ಮೇಲೇರಿದಷ್ಟೂ ನಡುಕ ಹೆಚ್ಚಿತು. ಯಾರಾದರೂ ಎರಡು ಸಲ ಮುಖ ನೋಡಿದರೆ ಮುಂಡಾಸನ್ನು ಹುಬ್ಬಿನ ಮೇಲಕ್ಕೆ ಎಳೆದುಕೊಳ್ಳುತ್ತಿದ್ದಳು. ಜ್ವರ ಬಂದಾಗ, ಕನವರಿಕೆಯಲ್ಲಿ ಏನಾದರೂ ಬಾಯಿಬಿಟ್ಟೇನೆಂದು ಹೆದರಿ, ಬಾಯಿಗೆ ಬಟ್ಟೆ ತುರುಕಿಕೊಂಡು ಮಲಗುತ್ತಿದ್ದಳು. ಅದೂ ಒಂದು ಬಾಳೇ!

ಕೊನೆಗೆ ಹಾಳು ಕೊಳದ ಯಕ್ಷಿಯ ಮೊರೆಹೊಕ್ಕಳು. "ನನ್ನನ್ನು ನೋಡಿದವರು ಯಾರೇ ಆಗಲಿ, ಸಾಣೆಗಾರನ ಮಗಳೆಂದು ಗುರುತು ಹಿಡಿಯದಿರಲಿ" ಎಂದು ಬೇಡಿಕೊಂಡಳು. ಯಕ್ಷಿ ಮರುಮಾತಿಲ್ಲದೆ ವರ ಕೊಟ್ಟಳು. ಅಂದಿನಿಂದ ಅವಳಿಗೆ ಅಡ್ಡಿಯೇ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ದಂಡನಾಯಕನ ಪೀಠದ ಮೇಲೆ ಕುಳಿತಳು.

ಒಂದು ಬೆಳಗ್ಗೆ ಒಬ್ಬ ಮುದುಕಿ ದೂರು ಹೇಳಿಕೊಳ್ಳಲು ಸಭೆಗೆ ಬಂದಳು. ಸಾಣೆಗಾರನ ಹೆಂಡತಿ, ಪೀಠದ ಮೇಲಿದ್ದವಳನ್ನು ಹೆತ್ತ ತಾಯಿ.

"ಒಡೆಯಾ, ನನ್ನ ಮಗಳು ಮಾಳಬ್ಬೆ ಕಾಣೆಯಾಗಿ ಏಳು ವರ್ಷ ಆಯ್ತು. ಎಡಹುಬ್ಬಿನ ಮೇಲೆ ಕತ್ತಿ ಮೊನೆ ತಾಗಿದ ಕಲೆ ಐತೆ. ಹುಡುಕಿಸಿಕೊಡಿ. ಕಣ್ಣು ಮುಚ್ಚೋದ್ರೊಳಗೆ ಒಂದ್ಸಲ ನೋಡ್ಬೇಕು."

ಹಾಗೆ ಹೇಳುವಾಗ ಮುದುಕಿ ಆ ಕಲೆಯನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಏನೂ ಮೂಡಲಿಲ್ಲ. ಮಗಳಿಗೆ ಅಂಥ ಹೆದರಿಕೆ ರಣರಂಗದಲ್ಲೂ ಆಗಿರಲಿಲ್ಲ. ತಲೆ ಹೋದರೆ ಹೋಗಲಿ ಎಂದು ಪೀಠದಿಂದ ಇಳಿದಳು, ಮುಂಡಾಸು ಕಿತ್ತೆಸೆದಳು. "ಅವ್ವಾ, ನಾನೇ ಕಣವ್ವಾ ಮಾಳಬ್ಬೆ!" ಎಂದು ಕೂಗಿದಳು.

ದಂಡನಾಯಕರು ತಮಾಷೆ ಮಾಡುತ್ತಿದ್ದಾರೆಂದು ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಮುದುಕಿ ಬೆದರಿ ಹಿಂದೆ ಸರಿದಳು. "ಬಡವಿಯ ಹೊಟ್ಟೆಸಂಕಟಾನ ನಗೆಪಾಟಲು ಮಾಡಬ್ಯಾಡಿ ಒಡೆಯಾ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಮಗಳನ್ನು ಹುಡುಕುತ್ತಾ ಮುಂದಿನ ಊರಿಗೆ ಹೊರಟುಹೋದಳು.

ಗುರು ಇಷ್ಟಕ್ಕೆ ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಅವಳು ಯಕ್ಷಿಯ ಬಳಿಗೇ ಹೋಗಿ, ಕೊಟ್ಟ ವರವನ್ನು ಹಿಂದಕ್ಕೆ ತೆಗೆದುಕೋ ಎನ್ನಬಹುದಿತ್ತಲ್ಲ?"

"ಹೋಗಿದ್ದಳಪ್ಪಾ; ಯಕ್ಷಿಗೂ ಅವಳ ಗುರುತು ಸಿಗಲಿಲ್ಲ" ಎಂದರು ಗುರು.